ಪ್ರವೇಶ ಪರೀಕ್ಷೆಯ ಗುರು: ಎರಡು ಕೃತಿಗಳ ವಿವೇಚನೆ

ಗುರುಶಿಷ್ಯ ಸಂಬಂಧವು ಭಾರತೀಯ ಸಾಹಿತ್ಯಕ್ಕೆ ಹೊಸ ವಸ್ತುವೇನೂ ಅಲ್ಲ. ಏಕಲವ್ಯನ ಕಥೆಯನ್ನು ಕೇಳಿ ಬೆಳೆದವರಿಗೆ, ವಿದ್ಯೆಯನ್ನು ಕೊಡುವ ಕೈಗೆ ಅದನ್ನು ತಡೆಯುವ ಅಧಿಕಾರವೂ ಉಂಟೆಂಬುದು ತಿಳಿದ ಸಂಗತಿಯೇ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಬೇರೊಂದು ಬಗೆಯ ಗುರು ಈ ದೇಶದಲ್ಲಿ ಪ್ರಾಮುಖ್ಯಕ್ಕೆ ಬಂದಿದ್ದಾನೆ. ಈತನು ಶಾಲೆಯ ಉಪಾಧ್ಯಾಯನಲ್ಲ. ಕಾಲೇಜಿನ ಪ್ರಾಧ್ಯಾಪಕನೂ ಅಲ್ಲ. ಇವೆರಡರ ನಡುವಿನ ಬಾಗಿಲಲ್ಲಿ ನಿಂತು ಹುಡುಗರನ್ನು ಪ್ರವೇಶ ಪರೀಕ್ಷೆಗೆ ಅಣಿಗೊಳಿಸುವುದೇ ಈತನ ವೃತ್ತಿ. ಇಂಥವನನ್ನು ನಾಯಕನನ್ನಾಗಿ ಮಾಡಿಕೊಂಡ ಎರಡು ಹಿಂದೀ ಕೃತಿಗಳು ೨೦೧೯ರಲ್ಲಿ ಹೊರಬಂದುವು. ವಿಕಾಸ್ ಬಹ್ಲ್ ನಿರ್ದೇಶಿಸಿದ ‘ಸೂಪರ್ ೩೦’ ಎಂಬ ಚಲಚ್ಚಿತ್ರ ಒಂದು. ಅಂತರ್ಜಾಲದಲ್ಲಿ ಕಂತುಕಂತಾಗಿ ಬಂದ ‘ಕೋಟಾ ಫ್ಯಾಕ್ಟರಿ’ ಎಂಬ ಧಾರಾವಾಹಿ ಇನ್ನೊಂದು. ಧಾರಾವಾಹಿಯ ಎರಡನೆಯ ಮತ್ತು ಮೂರನೆಯ ಭಾಗಗಳು ೨೦೨೧ ಮತ್ತು ೨೦೨೪ರಲ್ಲಿ ಬಂದುವು. ಎರಡೂ ಕೃತಿಗಳು ಜನಪ್ರಿಯವಾಗಿವೆ. ಜನಪ್ರಿಯತೆಯೇ ಗುಣವಲ್ಲವಾದುದರಿಂದ ಅವುಗಳನ್ನು ಒರೆಗೆ ಹಚ್ಚಿ ನೋಡುವುದು ಅಗತ್ಯ. ಅದಕ್ಕೆ ತಕ್ಕ ಒರೆಗಲ್ಲು ಒಂದೇ: ಆಯ್ಕೆಯಾಗದೆ ಉಳಿದ ವಿದ್ಯಾರ್ಥಿಯನ್ನು ಕೃತಿಯು ಹೇಗೆ ಕಾಣುತ್ತದೆ?

ಈ ಪ್ರಶ್ನೆಯ ಮಹತ್ತ್ವವನ್ನು ಅಂಕಿಗಳೇ ಹೇಳುತ್ತವೆ. ಐ.ಐ.ಟಿ.ಗಳ ಪ್ರವೇಶಕ್ಕಾಗಿ ನಡೆಯುವ ಜೆ.ಇ.ಇ. ಅಡ್ವಾನ್ಸ್‌ಡ್ ಪರೀಕ್ಷೆಯನ್ನು ೨೦೨೩ರಲ್ಲಿ ಬರೆದವರು ೧,೮೦,೩೭೨ ಮಂದಿ. ಇದ್ದ ಸ್ಥಾನಗಳು ೧೭,೩೮೫. ಹಾಗೆ ಬರೆದವರೂ ಮೊದಲಿನ ಜೆ.ಇ.ಇ. ಮೇನ್ ಪರೀಕ್ಷೆಯಲ್ಲಿ ಆಯ್ದು ಬಂದವರೇ. ವೈದ್ಯಕೀಯ ಶಿಕ್ಷಣದ ನೀಟ್ ಪರೀಕ್ಷೆಯನ್ನು ೨೦೨೪ರಲ್ಲಿ ೨೩ ಲಕ್ಷಕ್ಕೂ ಹೆಚ್ಚು ಜನ ಬರೆದರು, ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕಿಂತ ತುಸುವೇ ಹೆಚ್ಚು. ಗುರುವು ಎಷ್ಟೇ ಸಮರ್ಥನಾಗಿರಲಿ, ಈ ಸ್ಥಾನಗಳಿಗೆ ಒಂದನ್ನಾದರೂ ಸೇರಿಸಲಾರನು. ಅವುಗಳಲ್ಲಿ ಯಾರು ಕುಳಿತುಕೊಳ್ಳುವರೆಂಬುದನ್ನು ಬದಲಿಸುವುದಷ್ಟೇ ಆತನಿಂದ ಸಾಧ್ಯ.

ಪಾಠಕ್ಕೆ ಪ್ರತಿಫಲ ಪಡೆಯುವುದೇ ದೋಷವೆನ್ನುವಂತಿಲ್ಲ. ಕನ್ನಡನಾಡಿನ ಕೂಲಿಮಠದ ಐಗಳು ಮಕ್ಕಳ ತಂದೆತಾಯಿಗಳು ಕೊಟ್ಟುದರಿಂದಲೇ ಜೀವನ ಸಾಗಿಸಿದವರು. ಪರೀಕ್ಷೆಗೆ ಸಿದ್ಧಗೊಳಿಸುವುದೂ ದೋಷವಲ್ಲ. ಹಗಲೆಲ್ಲ ಹೊಟೇಲುಗಳಲ್ಲಿ ದುಡಿದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಪರೀಕ್ಷೆಗೆ ಓದಿದ ತರುಣರನ್ನು ಹೊರನಾಡಿನ ಕನ್ನಡಿಗರು ಮರೆಯಲಾರರು. ಆದರೆ ಮೆಟ್ರಿಕ್ ಎಂಬುದು ತೇರ್ಗಡೆಯ ಪರೀಕ್ಷೆ. ಅಲ್ಲಿ ಒಬ್ಬನ ತೇರ್ಗಡೆ ಮತ್ತೊಬ್ಬನ ನಷ್ಟವಲ್ಲ; ಬೆಂಚಿನ ಮೇಲಿನ ಎಲ್ಲರೂ ಗೆಲ್ಲಬಹುದು. ಪ್ರವೇಶ ಪರೀಕ್ಷೆಯಾದರೋ ಆಯ್ಕೆಯ ಪರೀಕ್ಷೆ. ಅಲ್ಲಿ ಒಬ್ಬನು ಒಂದು ಮೆಟ್ಟಿಲು ಏರಿದರೆ ಇನ್ನೊಬ್ಬನು ಇಳಿಯಲೇಬೇಕು. ಈ ಭೇದವನ್ನು ಅರಿಯದ ಕೃತಿಯು ಗುರುವಿನ ಔದಾರ್ಯವನ್ನು ಎಷ್ಟು ಬಣ್ಣಿಸಿದರೂ ತನ್ನ ವಸ್ತುವಿನ ಹೊರಗೇ ನಿಂತಂತಾಗುತ್ತದೆ.

‘ಸೂಪರ್ ೩೦’ ಚಿತ್ರವು ಪಾಟ್ನಾದ ಗಣಿತಶಿಕ್ಷಕ ಆನಂದಕುಮಾರರ ಜೀವನವನ್ನು ಆಧರಿಸಿದೆ. ಮೂವತ್ತು ಮಂದಿ ಬಡ ವಿದ್ಯಾರ್ಥಿಗಳನ್ನು ಆರಿಸಿ, ಊಟ ವಸತಿಗಳನ್ನಿತ್ತು, ಉಚಿತವಾಗಿ ಪಾಠ ಹೇಳುವ ಕಾರ್ಯವನ್ನು ಅವರು ೨೦೦೨ರಲ್ಲಿ ಆರಂಭಿಸಿದರು. ಚಿತ್ರದ ಪೂರ್ವಾರ್ಧವು ಹೃದ್ಯವಾಗಿದೆ. ಕೇಂಬ್ರಿಡ್ಜಿನಿಂದ ಕರೆ ಬಂದರೂ ಹೋಗುವುದಕ್ಕೆ ಹಣವಿಲ್ಲದೆ, ತಾಯಿ ಮಾಡಿದ ಹಪ್ಪಳವನ್ನು ಮಾರುವ ತರುಣನ ಚಿತ್ರದಲ್ಲಿ ಅತಿಶಯೋಕ್ತಿಯ ಸೋಂಕಿಲ್ಲ. ಕೈತುಂಬ ಸಂಬಳ ಕೊಡುವ ಸಂಸ್ಥೆಯನ್ನು ಬಿಟ್ಟು ಅವನು ಬಡ ಹುಡುಗರ ಕಡೆಗೆ ತಿರುಗಿದಾಗ, ದ್ರೋಣನು ಮಾಡಿದ ಅನ್ಯಾಯವನ್ನು ತಿದ್ದುವ ಗುರುವೊಬ್ಬನು ದೊರೆತನೆಂದು ಪ್ರೇಕ್ಷಕನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಚಿತ್ರವು ಎಡವುವುದು ಅಂತ್ಯದಲ್ಲಿ. ಅಲ್ಲಿ ಮೊದಲ ತಂಡದ ಮೂವತ್ತು ಮಂದಿಯೂ ಐ.ಐ.ಟಿ.ಗೆ ಆಯ್ಕೆಯಾಗುತ್ತಾರೆ. ವಸ್ತುಸ್ಥಿತಿ ಬೇರೆ. ಸಂಸ್ಥೆಯೇ ಪ್ರಕಟಿಸಿದ ಲೆಕ್ಕದಂತೆ ೨೦೦೩ರಲ್ಲಿ ಆಯ್ಕೆಯಾದವರು ೧೮ ಮಂದಿ. ಮೂವತ್ತಕ್ಕೆ ಮೂವತ್ತು ಬಂದುದು ೨೦೦೮ರಲ್ಲಿ. ಇತಿಹಾಸವನ್ನು ಮಾರ್ಪಡಿಸುವ ಸ್ವಾತಂತ್ರ್ಯ ಕಲೆಗೆ ಇದೆಯೆಂಬುದನ್ನು ಒಪ್ಪಬಹುದು. ಆದರೆ ಮಾರ್ಪಾಟಿನಿಂದ ಯಾವ ಸತ್ಯವು ಬೆಳಗಿತೆಂದು ಕೇಳುವ ಹಕ್ಕು ವಿಮರ್ಶೆಗೂ ಇದೆ. ಹಸಿವಿನಲ್ಲಿ ಓದಿದ ಮೂವತ್ತು ಮಂದಿಯಲ್ಲಿ ಹದಿನೆಂಟು ಮಂದಿ ಗೆದ್ದುದೇ ಸಾಮಾನ್ಯ ಸಾಧನೆಯಲ್ಲ. ಅದನ್ನು ಮೂವತ್ತಕ್ಕೆ ಏರಿಸಿದುದರಿಂದ ಗುರುವಿನ ಘನತೆ ಹೆಚ್ಚಲಿಲ್ಲ. ಹನ್ನೆರಡು ಮಂದಿಯ ಕಥೆ ಮಾತ್ರ ಅಳಿಸಿಹೋಯಿತು. ಅದೇ ಮನೆಯಲ್ಲಿ ಉಂಡು, ಅದೇ ಹಲಗೆಯನ್ನು ನೋಡಿ, ಅಷ್ಟೇ ದುಡಿದ ಆ ಹನ್ನೆರಡು ಮಂದಿ ಮುಂದೆ ಏನಾದರು? ಅವರನ್ನು ಕಂಡು ಗುರುವು ಏನೆಂದುಕೊಂಡನು? ದುರಂತವೂ ಕರುಣೆಯೂ ಇದ್ದ ಸ್ಥಳ ಅದು. ಅಲ್ಲಿಗೆ ಹೋಗಲು ಚಿತ್ರಕ್ಕೆ ಧೈರ್ಯ ಸಾಲಲಿಲ್ಲ.

ಈ ಧೈರ್ಯವು ‘ಕೋಟಾ ಫ್ಯಾಕ್ಟರಿ’ಯಲ್ಲಿ ಒಂದಿಷ್ಟು ಮಟ್ಟಿಗೆ ಉಂಟು. ರಾಜಸ್ಥಾನದ ಕೋಟಾ ಒಂದು ಕಾಲಕ್ಕೆ ನಿಜವಾಗಿಯೂ ಕಾರ್ಖಾನೆಗಳ ಊರು. ಅಲ್ಲಿನ ಜೆ.ಕೆ. ಸಿಂಥೆಟಿಕ್ಸ್ ಕಾರ್ಖಾನೆಯಲ್ಲಿ ಇಂಜಿನಿಯರರಾಗಿದ್ದ ವಿ.ಕೆ. ಬನ್ಸಲ್ ಅವರು ೧೯೮೦ರ ದಶಕದಲ್ಲಿ ಮನೆಯಲ್ಲಿಯೇ ಕೆಲವು ಹುಡುಗರಿಗೆ ಪಾಠ ಹೇಳತೊಡಗಿದರು. ೧೯೯೧ರಲ್ಲಿ ಅದು ಸಂಸ್ಥೆಯ ರೂಪವನ್ನು ತಾಳಿತು. ೧೯೯೭ರಲ್ಲಿ ಕಾರ್ಖಾನೆ ಮುಚ್ಚಿತು. ಪಾಠದ ಉದ್ಯಮವು ಊರನ್ನು ಸಾಕತೊಡಗಿತು. ಧಾರಾವಾಹಿಯ ಹೆಸರಿನಲ್ಲಿರುವ ವ್ಯಂಗ್ಯಕ್ಕೆ ಹೀಗೆ ಚರಿತ್ರೆಯ ಆಧಾರವಿದೆ. ಕಪ್ಪುಬಿಳುಪಿನಲ್ಲಿ ಚಿತ್ರಿತವಾದ ಈ ಕೃತಿಯು ಆರಂಭವಾಗುವುದು ಗೆಲ್ಲುವವರ ನಡುವೆಯಲ್ಲ. ಇಟಾರ್ಸಿಯಿಂದ ಬಂದ ವೈಭವನೆಂಬ ಹುಡುಗನು ‘ಎ-೧೦’ ಎಂಬ ಕೆಳಗಿನ ತರಗತಿಯಲ್ಲಿ ಕುಳಿತು, ಮೇಲಿನ ತರಗತಿಗೆ ಹೋಗಲು ಹೆಣಗುತ್ತಾನೆ. ಅಂಕಗಳಿಗೆ ತಕ್ಕಂತೆ ಮಕ್ಕಳನ್ನು ವಿಂಗಡಿಸುವ ಕ್ರಮ, ಬಾಡಿಗೆಯ ಕೋಣೆಯ ಒಂಟಿತನ, ಗೆಳೆಯನ ಅಂಕವನ್ನು ಕಂಡಾಗ ಮೂಡುವ ಸಂತೋಷ ಮತ್ತು ಅಸೂಯೆಗಳ ಮಿಶ್ರಣ — ಇವುಗಳ ನಿರೂಪಣೆಯಲ್ಲಿ ಸೂಕ್ಷ್ಮತೆಯಿದೆ. ಮೂರನೆಯ ಭಾಗದ ಕೊನೆಗೆ ವೈಭವನಿಗೆ ಐ.ಐ.ಟಿ. ದೊರೆಯುವುದಿಲ್ಲ. ನಾಯಕನನ್ನು ಸೋಲಿಸಿದ್ದು ಈ ಕೃತಿಯ ಪ್ರಾಮಾಣಿಕತೆಗೆ ಸಾಕ್ಷಿ.

ಆದರೂ ಕೊರತೆ ಉಳಿಯುತ್ತದೆ. ಭೌತಶಾಸ್ತ್ರವನ್ನು ಬೋಧಿಸುವ ಜೀತುವನ್ನು ಮಕ್ಕಳು ‘ಸರ್’ ಎನ್ನುವುದಿಲ್ಲ. ‘ಭೈಯಾ’, ಅಂದರೆ ಅಣ್ಣ, ಎನ್ನುತ್ತಾರೆ. ಈ ಸಂಬೋಧನೆಯಲ್ಲಿಯೇ ಕೃತಿಯ ಶಕ್ತಿಯೂ ಮಿತಿಯೂ ಅಡಗಿವೆ. ಎರಡನೆಯ ಭಾಗವು ವಿದ್ಯಾರ್ಥಿಯೊಬ್ಬಳ ಆತ್ಮಹತ್ಯೆಯ ವಾರ್ತೆಯೊಂದಿಗೆ ಮುಗಿಯುತ್ತದೆ. ಮೂರನೆಯದರಲ್ಲಿ ಕಾಣುವುದು ಅದರಿಂದ ಕುಸಿದ ಜೀತುವಿನ ಅಂತರಂಗದ ನೋವು. ಸತ್ತವಳು ಯಾರು, ಏನನ್ನು ಬಯಸಿದ್ದಳು ಎಂಬುದು ಹಿನ್ನೆಲೆಗೆ ಸರಿದು, ಗುರುವಿನ ವ್ಯಥೆಯೇ ಕಥೆಯಾಗುತ್ತದೆ. ವ್ಯವಸ್ಥೆಯು ಕ್ರೂರವಾದರೂ ಒಳ್ಳೆಯ ಅಣ್ಣನೊಬ್ಬನಿದ್ದರೆ ಸಾಕೆಂಬ ಸಮಾಧಾನವನ್ನು ಕೃತಿಯು ಅರಿಯದೆಯೇ ಹಂಚುತ್ತದೆ. ಹೊರಗಿನ ಜಗತ್ತೂ ಹೀಗೆಯೇ ನಡೆಯಿತೆಂಬುದು ಶೋಚನೀಯ. ೨೦೨೩ರ ಆಗಸ್ಟಿನಲ್ಲಿ ಕೋಟಾದ ಜಿಲ್ಲಾಡಳಿತವು ವಿದ್ಯಾರ್ಥಿಗಳ ಕೋಣೆಯ ಫ್ಯಾನುಗಳಿಗೆ, ಭಾರ ಬಿದ್ದರೆ ಕೆಳಗಿಳಿಯುವಂಥ ಸ್ಪ್ರಿಂಗುಗಳನ್ನು ಅಳವಡಿಸಲು ಆಜ್ಞೆ ಮಾಡಿತು. ಅದು ಜೀವ ಉಳಿಸೀತು. ಆದರೆ ಆ ಮಗು ಫ್ಯಾನಿನ ಕಡೆಗೆ ನೋಡಿದ್ದೇಕೆಂಬ ಪ್ರಶ್ನೆಗೆ ಉತ್ತರವಾಗಲಾರದು. ೨೦೨೪ರ ಜನವರಿಯಲ್ಲಿ ಕೇಂದ್ರ ಸರಕಾರವು ಹದಿನಾರು ವರ್ಷ ತುಂಬದವರನ್ನು ಇಂಥ ಸಂಸ್ಥೆಗಳಿಗೆ ಸೇರಿಸಿಕೊಳ್ಳಬಾರದೆಂದೂ, ರ್‍ಯಾಂಕಿನ ಆಶ್ವಾಸನೆ ಕೊಡಬಾರದೆಂದೂ ಮಾರ್ಗಸೂಚಿಯನ್ನು ಹೊರಡಿಸಿತು.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ‘ಸೂಪರ್ ೩೦’ರಲ್ಲಿ ಇಂಗ್ಲಿಷಿಗೆ ಹೆದರುವ ಬಿಹಾರದ ಹುಡುಗರಿಂದ ಹೋಳಿಯ ದಿನ ಬೀದಿಯಲ್ಲಿ ಇಂಗ್ಲಿಷ್ ನಾಟಕವನ್ನಾಡಿಸುವ ಪ್ರಸಂಗವಿದೆ. ಭಯ ಹೋಯಿತು, ಸಮಸ್ಯೆ ತೀರಿತು ಎಂಬುದು ಚಿತ್ರದ ಭಾವ. ಜೆ.ಇ.ಇ. ಮೇನ್ ಪರೀಕ್ಷೆಯು ೨೦೨೧ರಿಂದ ಕನ್ನಡವೂ ಸೇರಿದಂತೆ ಹದಿಮೂರು ಭಾಷೆಗಳಲ್ಲಿ ನಡೆಯುತ್ತಿದೆ; ಅಡ್ವಾನ್ಸ್‌ಡ್ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಾಗಾಗಿ ಕನ್ನಡದಲ್ಲಿ ಓದಿದ ಹುಡುಗಿಗೆ ಮೊದಲ ಬಾಗಿಲು ತನ್ನ ಮಾತಿನಲ್ಲಿ ತೆರೆದು, ಎರಡನೆಯದು ಬೇರೆಯವರ ಮಾತಿನಲ್ಲಿ ನಿಲ್ಲುತ್ತದೆ. ಬೀದಿನಾಟಕದ ಒಂದು ಸಂಜೆಯ ಧೈರ್ಯದಿಂದ ನೀಗುವ ತೊಡಕು ಇದಲ್ಲ. ಹಿಂದೀ ಕೃತಿಗಳೆರಡಕ್ಕೂ ಈ ತೊಡಕು ಗೋಚರಿಸದಿರುವುದು ಸಹಜವಾದರೂ ಗಮನಾರ್ಹ.

ಒಟ್ಟಿನಲ್ಲಿ, ಮೊದಲ ಕೃತಿಯು ಸೋತವರನ್ನು ಅಳಿಸುತ್ತದೆ. ಎರಡನೆಯದು ಅವರನ್ನು ಕಂಡರೂ ಗುರುವಿನ ಹೆಗಲ ಮೇಲಿನಿಂದ ಕಾಣುತ್ತದೆ. ಕನ್ನಡದ ಲೇಖಕರಿಗೆ ಈ ವಸ್ತುವು ಇನ್ನೂ ತೆರೆದೇ ಇದೆ. ರಾತ್ರಿಶಾಲೆಯ ಬೆಂಚಿನ ನೆನಪಿರುವ ಸಮಾಜವು, ಒಬ್ಬನ ಗೆಲುವಿಗೆ ಹತ್ತು ಮಂದಿ ಎದ್ದುಹೋಗಬೇಕಾದ ಬೆಂಚನ್ನು ಬೇರೆ ಕಣ್ಣಿನಿಂದ ನೋಡಬಲ್ಲುದು. ಅಂಥ ಕೃತಿಯೊಂದು ಬಂದಾಗ ಅದರ ನಾಯಕನು ಗುರುವಾಗಿರಬೇಕಾಗಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ತನ್ನ ಹೆಸರನ್ನು ಕಾಣದೆ, ಮರುದಿನ ಬೆಳಗ್ಗೆ ಊರಿನ ಬಸ್ಸು ಹತ್ತುವ ವಿದ್ಯಾರ್ಥಿಯೇ ಆಗಿದ್ದರೆ ಸಾಕು.