ಲಾರಿ ಏರಿ ಬರುವ ಜೇನು

ರಾಯಚೂರು ಜಿಲ್ಲೆಯ ಮಾನ್ವಿಯ ಭತ್ತಕ್ಕೆ ಜೇನುನೊಣದ ಹಂಗಿಲ್ಲ. ಸೂರ್ಯಕಾಂತಿಗೆ ಇದೆ. ಹಾಗಾಗಿ ಹೂ ಬಿಡುವ ಹೊತ್ತಿಗೆ ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಪೆಟ್ಟಿಗೆಗಳನ್ನು ಲಾರಿಯಲ್ಲಿ ತರಿಸಿ ಹೊಲದ ಬದುವಿನಲ್ಲಿಡಿ ಎಂಬ ಸಲಹೆ ಸಹಜವಾಗಿಯೇ ಬರುತ್ತದೆ. ಕಾಳು ಗಟ್ಟಿಯಾದೀತು, ಪೆಟ್ಟಿಗೆಯವನಿಗೆ ತುಪ್ಪವೂ ಸಿಕ್ಕೀತು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೆಟ್ಟಿಗೆಯೊಳಗೆ ನೊಣವಷ್ಟೇ ಬರುವುದಿಲ್ಲ. ಮೆಲ್ಲಿಫೆರಾ ನಮ್ಮಲ್ಲಿ ನೆಲೆ ನಿಂತದ್ದು 1960ರ ದಶಕದಲ್ಲಿ, ಇಂದಿನ ಹಿಮಾಚಲದ ನಗ್ರೋಟಾದಿಂದ. ಅರವತ್ತು ವರ್ಷದಲ್ಲಿ ಏನೂ ಆಗಿಲ್ಲವಲ್ಲ ಎನ್ನುವವರು ವಾರೋವಾ ನುಸಿಯ ಕಥೆ ಕೇಳಬೇಕು. ಅದು ನಮ್ಮ ತುಡುವೆಯ ಹಳೆಯ ಒಡನಾಡಿ. ತುಡುವೆಯಲ್ಲಿ ಹೆಚ್ಚಾಗಿ ಗಂಡುಮರಿಗಳ ಕೋಣೆಯಲ್ಲಷ್ಟೇ ಸಂತತಿ ಬೆಳೆಸುತ್ತಿದ್ದ ನುಸಿ, ಮೆಲ್ಲಿಫೆರಾಕ್ಕೆ ಹಬ್ಬಿದ ಮೇಲೆ ಕೆಲಸಗಾರ ಮರಿಗಳನ್ನೂ ಹಿಡಿಯಿತು. ಪೆಟ್ಟಿಗೆಗಳ ಸಾಗಾಟದೊಂದಿಗೆ ಯುರೋಪ್ ದಾಟಿ 1987ರಲ್ಲಿ ಅಮೆರಿಕದಲ್ಲಿ ಕಾಣಿಸಿತು, 2022ರಲ್ಲಿ ಆಸ್ಟ್ರೇಲಿಯಾಕ್ಕೂ ಬಂತು. ಚಿಲಿಯಲ್ಲಿ ಪರಾಗಸ್ಪರ್ಶಕ್ಕೆಂದು ತರಿಸಿದ ಯುರೋಪಿನ ಬಂಬಲ್‌ಬೀ ಬೆಟ್ಟ ದಾಟಿ ಅರ್ಜೆಂಟೀನಾಕ್ಕೆ ಹೋಯಿತು; ಅದು ಹಬ್ಬಿದಲ್ಲೆಲ್ಲ ಅಲ್ಲಿನ ದೊಡ್ಡ ಕೇಸರಿ ದುಂಬಿ ಕ್ಷೀಣಿಸಿತು.

ನಮ್ಮ ಹೊಲದಲ್ಲಿ ಅಪಾಯ ಎರಡೂ ಕಡೆಗೆ ಹರಿಯುತ್ತದೆ. ಹೆಜ್ಜೇನಿನ ಎರಿಯಲ್ಲಿ ಟ್ರೋಪಿಲೀಲಾಪ್ಸ್ ಎಂಬ ಇನ್ನೊಂದು ನುಸಿಯಿದೆ. ಬಂಡೆಗಲ್ಲಿನ ಸಂದಿ, ನೀರಿನ ಟ್ಯಾಂಕುಗಳಿಗೆ ಹೆಜ್ಜೇನು ಕಟ್ಟುವ ಊರಿನಲ್ಲಿ ಇಟ್ಟ ಪೆಟ್ಟಿಗೆ ಅದನ್ನು ಅಂಟಿಸಿಕೊಂಡು ಮುಂದಿನ ಜಿಲ್ಲೆಗೆ ಹೊರಟೀತು. ಪೆಟ್ಟಿಗೆಯ ವೈರಸ್ಸುಗಳು ಒಂದೇ ಹೂವಿನ ಮೇಲೆ ಕೂರುವ ಊರಿನ ನೊಣಕ್ಕೆ ಇಳಿದಾವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಕೆಡವಿದ್ದನ್ನು ಕೊಡಗು, ಉತ್ತರ ಕನ್ನಡದ ಜೇನು ಸಾಕಣೆಯವರು ಮರೆತಿಲ್ಲ. ಅದು ಮೆಲ್ಲಿಫೆರಾ ಹೊತ್ತು ತಂದ ರೋಗವೆಂದು ನಾನು ಹೇಳುತ್ತಿಲ್ಲ. ರೋಗವೊಂದು ಕಾಲಿಟ್ಟರೆ ಎಷ್ಟು ಬೇಗ ಎಲ್ಲವೂ ಬರಿದಾಗುತ್ತದೆ ಎಂಬುದಕ್ಕೆ ಅದು ನಮ್ಮದೇ ಸಾಕ್ಷಿ.

ಜೇನನ್ನು ನಿಜವಾಗಿ ಕೊಲ್ಲುತ್ತಿರುವುದು ಹತ್ತಿಗೆ ಹೊಡೆಯುವ ಔಷಧವಲ್ಲವೇ ಎಂಬ ಆಕ್ಷೇಪ ಬಲವಾದದ್ದು, ಅದನ್ನು ಒಪ್ಪಲೇಬೇಕು. ಆದರೆ ಬಾಡಿಗೆ ಪೆಟ್ಟಿಗೆಯ ವಿರುದ್ಧ ನನ್ನ ದೊಡ್ಡ ದೂರು ಹುಟ್ಟುವುದೂ ಅಲ್ಲಿಂದಲೇ. ಔಷಧ ಹೊಡೆಯುವ ಮುನ್ನಾದಿನ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಬಹುದು. ಜಾಲಿಗಿಡದ ಕೋಲುಜೇನನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಊರಿನ ನೊಣ ಸತ್ತರೂ ಸೂರ್ಯಕಾಂತಿ ಕಾಳು ಕಟ್ಟಿದರೆ, ಸತ್ತದ್ದು ರೈತನಿಗೆ ತಿಳಿಯುವುದೇ ಇಲ್ಲ. ತಿಳಿಯುವುದು ತೊಗರಿಯಲ್ಲಿ. ತೊಗರಿ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ಆದರೆ ಹೈಬ್ರಿಡ್ ತೊಗರಿಯ ಬೀಜ ತೆಗೆಯಲು ಹುಳ ಬೇಕೇ ಬೇಕು. ಅಲ್ಲಿ ದುಡಿಯುವವರಲ್ಲಿ ಹೊಟ್ಟೆಯಡಿಯ ರೋಮದಲ್ಲಿ ಪರಾಗ ಹೊರುವ ಮೆಗಾಕೈಲ್ ಒಂಟಿನೊಣವೂ ಒಣಕಟ್ಟಿಗೆ ಕೊರೆದು ಗೂಡು ಮಾಡುವ ಕಪ್ಪು ದುಂಬಿಯೂ ಮುಂದಿನ ಸಾಲಿನವು. ದೇವದುರ್ಗದ ತೊಗರಿ ಹೊಲಗಳಿಗೆ ಇವು ಬರುವುದು ಬದುವಿನ ಪೊದೆ, ಒಣಕೊಂಬೆ, ಅಗೆಯದೆ ಬಿಟ್ಟ ನೆಲ ಉಳಿದಿದ್ದರೆ ಮಾತ್ರ. ಇವನ್ನು ಯಾವ ಲಾರಿಯೂ ತಂದಿಳಿಸುವುದಿಲ್ಲ.

ಪೆಟ್ಟಿಗೆಯೇ ಬೇಡವೆಂಬುದು ನನ್ನ ವಾದವಲ್ಲ. 2021ರಲ್ಲಿ ಶುರುವಾದ ಮಧುಕ್ರಾಂತಿ ಪೋರ್ಟಲ್‌ನಲ್ಲಿ ಜೇನು ಸಾಕುವವರ ನೋಂದಣಿಯಾಗುತ್ತದೆ, ಆದರೆ ಹೆಸರು ಬರೆಸಿದ ಮಾತ್ರಕ್ಕೆ ಎರಿಯಲ್ಲಿ ನುಸಿಯಿಲ್ಲವೆಂದಾಗದು. ಅದನ್ನು ಪರೀಕ್ಷಿಸಲು ನೆರವು ಕೇಳಬೇಕೆಂದರೆ ರಾಯಚೂರಿನಲ್ಲೇ 2008ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಸಕ್ಕರೆಪುಡಿ ಉದುರಿಸಿ ಅಲುಗಿಸಿ ನುಸಿ ಎಣಿಸುವುದು, ಮುಚ್ಚಿದ ಮರಿಕೋಣೆ ತೆರೆದು ನೋಡುವುದು ಒಂದು ಮುಂಜಾನೆಯ ಕೆಲಸ. ಬಂಡೆಯ ಮೇಲಿನ ಹೆಜ್ಜೇನಿಗೆ ಯಾರೂ ಆ ತಪಾಸಣೆ ಮಾಡಲಾರರು. ಆದ್ದರಿಂದ ಪೆಟ್ಟಿಗೆ ಲಾರಿಯಿಂದ ಇಳಿಯುವ ಮೊದಲೇ ಅದು ಆಗಬೇಕು.