ಸಮಕ್ಕೆ ಬಾರದ ತಾಳ

ದೇವಗಿರಿಯ ಯಾದವರ ಆಶ್ರಯದಲ್ಲಿದ್ದು 13ನೆಯ ಶತಮಾನದಲ್ಲಿ ‘ಸಂಗೀತರತ್ನಾಕರ’ವನ್ನು ರಚಿಸಿದ ಶಾರ್ಙ್ಗದೇವನು ಲಕ್ಷಣ ಹೇಳಿಟ್ಟ 120 ದೇಶೀತಾಳಗಳು, ಸೂಳಾದಿ ತಾಳಗಳು ಪ್ರಬಲವಾದಂತೆ ನಮ್ಮ ಪ್ರಯೋಗದಿಂದ ಬಹುಮಟ್ಟಿಗೆ ಮರೆಯಾಗಿ, ಗ್ರಂಥದಲ್ಲಷ್ಟೇ ಉಳಿದು, ಎಷ್ಟೋ ಕಾಲದ ಮೇಲೆ ಫ್ರೆಂಚ್ ಭಾಷೆಯ ಸಂಗೀತವಿಶ್ವಕೋಶವೊಂದರಲ್ಲಿ ಪ್ಯಾರಿಸ್ಸಿನ ತರುಣನೊಬ್ಬನ ಕಣ್ಣಿಗೆ ಬಿದ್ದುವು. ಆತನೇ ಆ ತಾಳಗಳನ್ನು ತನ್ನ ರಚನೆಗಳಿಗೆ ತಂದ ಸಂಗೀತರಚನಕಾರ ಒಲಿವಿಯೇ ಮೆಸಿಯಾನ್ (1908–1992). 1931ರಿಂದ ಕಡೆಯವರೆಗೂ ತ್ರಿನಿತೆ ದೇವಾಲಯದಲ್ಲಿ ಆರ್ಗನ್ ನುಡಿಸಿದ ಶ್ರದ್ಧಾಳು. 1941ರಿಂದ 1978ರವರೆಗೆ ಪ್ಯಾರಿಸ್ ಸಂಗೀತಶಾಲೆಯ ಅಧ್ಯಾಪಕ.

ಪುರಂದರದಾಸರ ಅಲಂಕಾರಗಳಿಂದ ಪಾಠ ತೊಡಗಿದ ನಮಗೆ ಈತನ ತಾಳ ಮೊದಲು ಅರ್ಧಸತ್ಯವಾಗಿ ತೋರುತ್ತದೆ. ತಾಳಕ್ಕೆ ಪ್ರಾಣ ಕೊಡುವುದು ಕೈ. ಘಾತ, ವಿಸರ್ಜಿತ, ಬೆರಳೆಣಿಕೆಗಳಿಂದ ಆವರ್ತ ಕಣ್ಣಿಗೂ ಕಾಣುತ್ತ, ಗಾಯಕ ಎಷ್ಟು ದೂರ ಹೋದರೂ ಸಮಕ್ಕೆ ಹಿಂದಿರುಗುವನೆಂಬ ಭರವಸೆ ಕೇಳುಗನ ತೊಡೆಯ ಮೇಲಿನ ಕೈಯಲ್ಲಿಯೂ ಇರುತ್ತದೆ. ಮೆಸಿಯಾನನು ಲಘು, ಗುರು, ಪ್ಲುತಗಳ ಮಾತ್ರಾಪ್ರಮಾಣವನ್ನು ಮಾತ್ರ ಎತ್ತಿಕೊಂಡು ಕೈಯನ್ನು ಬಿಟ್ಟುಬಿಟ್ಟನು. ಇದನ್ನು ದೋಷವೆಂದೇ ನಾನು ಬಹುಕಾಲ ಎಣಿಸಿದ್ದೆ.

ಆ ಅಭಿಪ್ರಾಯವನ್ನು ತಿದ್ದಿದುದು ‘ಕಾಲಾಂತ್ಯದ ಚತುಷ್ಟಯ’. ಗೋರ್ಲಿಟ್ಸ್‌ನ ಜರ್ಮನ್ ಯುದ್ಧಕೈದಿಗಳ ಶಿಬಿರದಲ್ಲಿ, 1941ರ ಜನವರಿ 15ರ ಕಡುಚಳಿಯಲ್ಲಿ, ಆತನೂ ಮೂವರು ಸಹಬಂದಿಗಳೂ ಮೊದಲು ನುಡಿಸಿದ ಕೃತಿ ಅದು. ಅದರ ಆರಂಭಖಂಡದಲ್ಲಿ ಕ್ಲಾರಿನೆಟ್ಟೂ ಪಿಟೀಲೂ ಮುಂಜಾನೆಯ ಹಕ್ಕಿಗಳಂತೆ ಉಲಿಯುತ್ತಿರಲು, ಅವುಗಳ ಕೆಳಗೆ ಪಿಯಾನೊ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ದೇಶೀತಾಳಗಳನ್ನು ಹೆಣೆದ 17 ಕಾಲಮಾನಗಳ ಸರಣಿಯನ್ನು 29 ಸ್ವರಪುಂಜಗಳ ಸರಣಿಯ ಮೇಲೆ ತಿರುಗಿಸುತ್ತದೆ. ಎರಡೂ ಅವಿಭಾಜ್ಯ ಸಂಖ್ಯೆಗಳಾದುದರಿಂದ 493 ಆಘಾತಗಳು ಮುಗಿಯುವವರೆಗೆ ಇವೆರಡೂ ಆರಂಭಸ್ಥಾನದಲ್ಲಿ ಮತ್ತೆ ಕೂಡಲಾರವು. ಖಂಡವಾದರೋ ಅದಕ್ಕಿಂತ ಬಹಳ ಮೊದಲೇ ನಿಂತುಹೋಗುತ್ತದೆ. ಸಮಕ್ಕಾಗಿ ಕಾದ ನಮ್ಮ ಕೈ ಗಾಳಿಯಲ್ಲೇ ಉಳಿಯುತ್ತದೆ. ನಾಳೆಯನ್ನು ಎಣಿಸಲಾಗದ ಸೆರೆಯಲ್ಲಿ ಕಾಲದ ಅಂತ್ಯವನ್ನು ಧ್ಯಾನಿಸಿದವನಿಗೆ ಇದಕ್ಕಿಂತ ಉಚಿತವಾದ ತಾಳ ಯಾವುದಿದ್ದೀತು?

ಆತನ ಎಲ್ಲ ಕೃತಿಗಳಿಗೂ ಈ ಬಿಗಿಯಿಲ್ಲ. ಸಂಸ್ಕೃತದಿಂದ ಹೆಸರು ಪಡೆದ ‘ತುರಂಗಲೀಲಾ’ದ ಹತ್ತು ಖಂಡಗಳಲ್ಲಿ ಉಲ್ಲಾಸವು ಒಮ್ಮೊಮ್ಮೆ ಅತಿರೇಕಕ್ಕೇರುತ್ತದೆ, ಸಂತ ಫ್ರಾನ್ಸಿಸನನ್ನು ಕುರಿತ ಗೀತನಾಟಕದಲ್ಲಿ ಪಕ್ಷಿಗಳ ಮೇಲಣ ಪ್ರೀತಿ ಕೇಳುಗನ ಸಹನೆಯ ಎಲ್ಲೆಯನ್ನು ಮೀರುತ್ತದೆ.

ಗುರುವಾಗಿ ಆತನು ನಡೆದ ರೀತಿಯಲ್ಲಿ ಈ ಕುಂದು ಇಲ್ಲ. ತುರಂಗಲೀಲೆಯನ್ನು ಕಟುವಾಗಿ ಖಂಡಿಸಿದವರಲ್ಲಿ ಆತನ ಶಿಷ್ಯ ಬೂಲೆಜನೇ ಒಬ್ಬನು. ಆದರೂ ಮೆಸಿಯಾನನ ಮೆಚ್ಚುಗೆ ಅವನಿಗೆ ತಪ್ಪಲಿಲ್ಲ. ಇನ್ನೊಬ್ಬ ಶಿಷ್ಯ ಸ್ಟಾಕ್‌ಹೌಸನ್ ಬೇರೊಂದು ದಿಕ್ಕಿಗೆ ಹೋದನು. ಗ್ರೀಸಿನಿಂದ ತಪ್ಪಿಸಿಕೊಂಡು ಬಂದು, ವಾಸ್ತುಶಿಲ್ಪಿ ಕಾರ್ಬೂಸಿಯೆಯ ಕಚೇರಿಯಲ್ಲಿ ದುಡಿಯುತ್ತಿದ್ದ ಕ್ಸೆನಾಕಿಸ್ ಎಂಬವನು, ಸ್ವರಸಂವಾದದ ಪಾಠವನ್ನು ಮೊದಲಿನಿಂದ ಕಲಿಯಬೇಕೇ ಎಂದು ಕೇಳಿದಾಗ, ವಯಸ್ಸು ಮೂವತ್ತರ ಹತ್ತಿರ ಬಂದಿದೆ, ಗ್ರೀಕನಾಗಿದ್ದೀಯೆ, ಗಣಿತವನ್ನೂ ವಾಸ್ತುವಿದ್ಯೆಯನ್ನೂ ಬಲ್ಲೆ, ಅವನ್ನೇ ಸಂಗೀತಕ್ಕೆ ತಾ ಎಂಬರ್ಥದ ಉತ್ತರ ಕೊಟ್ಟು, ತಾನು ಕಲಿಸಿದ ವಿದ್ಯೆಯಿಂದಲೇ ಅವನಿಗೆ ಬಿಡುಗಡೆ ಕೊಟ್ಟನು.