ಉತ್ಸಾಹ ಮತ್ತು ಭ್ರಮಾವೇಶ: ಫ್ರಾನ್ಸಿನ ಕ್ರಾಂತಿಯೂ ಕಾಂಟನ ಪ್ರೇಕ್ಷಕನೂ

ಹೃದಯದ ಉರವಣೆಯಿಲ್ಲದೆ ಮಹತ್ಕಾರ್ಯ ಯಾವುದೂ ಸಾಧಿಸದು. ಆದರೆ ಆ ಉರವಣೆಯೇ ವಿವೇಕದ ಕಡಿವಾಣವನ್ನು ಹರಿದುಕೊಂಡಾಗ ಒದಗುವ ಅನರ್ಥಕ್ಕೆ ಮೇರೆಯಿಲ್ಲ. ಈ ಇಕ್ಕಟ್ಟು ಹದಿನೆಂಟನೆಯ ಶತಮಾನದ ಜರ್ಮನ್ ತತ್ತ್ವಜ್ಞರನ್ನು ಬಹುವಾಗಿ ಕಾಡಿತು. 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯು ತಲೆಯೆತ್ತಿದ ಮೇಲಂತೂ ಅದು ಕೇವಲ ಗ್ರಂಥಸ್ಥವಾದ ಪ್ರಶ್ನೆಯಾಗಿ ಉಳಿಯಲಿಲ್ಲ. ನೆರೆನಾಡಿನ ಜನ ತಮ್ಮ ಹಕ್ಕಿಗಾಗಿ ಎದ್ದುನಿಂತುದನ್ನು ಕಂಡು ಜರ್ಮನಿಯ ಎಷ್ಟೋ ಎದೆಗಳು ಉಬ್ಬಿದುವು. ಆ ಹಿಗ್ಗು ಧರ್ಮಬುದ್ಧಿಯ ಕುರುಹೋ, ಮನಸ್ಸಿನ ಜಾಡ್ಯವೋ? ಕೋನಿಗ್ಸ್‌ಬರ್ಗಿನ ಇಮ್ಯಾನುಯೆಲ್ ಕಾಂಟನು (1724–1804) ಇದಕ್ಕೆ ಕೊಟ್ಟ ಉತ್ತರವು ಎಷ್ಟು ಬೆಲೆಯುಳ್ಳದ್ದು, ಎಲ್ಲಿ ತಡೆದು ನಿಲ್ಲುತ್ತದೆ ಎಂಬುದು ಇಲ್ಲಿಯ ವಿಚಾರ.

ಮೊದಲು ಪದವಿಚಾರ. ಕಾಂಟನು ಎರಡು ಮಾತುಗಳನ್ನು ಬೇರ್ಪಡಿಸಿ ಬಳಸುತ್ತಾನೆ. ಒಂದು 'ಎಂತುಸಿಯಾಸ್ಮುಸ್'; ನಮ್ಮ ಅಲಂಕಾರಶಾಸ್ತ್ರವು ವೀರರಸಕ್ಕೆ ಸ್ಥಾಯಿಯೆಂದು ಹೇಳುವ 'ಉತ್ಸಾಹ' ಶಬ್ದವು ಇದಕ್ಕೆ ತಕ್ಕಮಟ್ಟಿಗೆ ಒಪ್ಪುತ್ತದೆ. ಇನ್ನೊಂದು 'ಶ್ವೆರ್ಮೆರೈ', ಜೇನ್ನೊಣಗಳು ಹಿಂಡುಗಟ್ಟಿ ಹಾರಾಡುವುದನ್ನು ಹೇಳುವ ಕ್ರಿಯಾಪದದಿಂದ ಹುಟ್ಟಿದ ಮಾತು. ಇದನ್ನು 'ಭ್ರಮಾವೇಶ'ವೆನ್ನಬಹುದು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು, ತನ್ನ ಸುಧಾರಣೆಯನ್ನೂ ಮೀರಿ ನಡೆದು ದೈವಪ್ರೇರಣೆ ತಮಗೆ ನೇರವಾಗಿ ಒದಗುತ್ತದೆ ಎಂದವರನ್ನು ಈ ಬಗೆಯ ಮಾತಿನಿಂದಲೇ ಜರೆದನು. ಅವರಲ್ಲೊಬ್ಬನಾದ ಥಾಮಸ್ ಮ್ಯೂಂಟ್ಸರನು 1525ರ ರೈತದಂಗೆಯಲ್ಲಿ ರೈತರ ಪಕ್ಷವನ್ನು ವಹಿಸಿ ಶಿರಚ್ಛೇದಕ್ಕೆ ಗುರಿಯಾದನು. ಹೀಗೆ ಈ ಪದಕ್ಕೆ ರಾಜಕೀಯದ ವಾಸನೆ ಮೊದಲಿನಿಂದಲೇ ಅಂಟಿತ್ತು. ಎದುರಾಡುವವನನ್ನು ಭ್ರಾಂತನೆಂದು ಕರೆದರೆ ಅವನ ಮಾತಿಗೆ ಉತ್ತರ ಹೇಳುವ ಹೊಣೆ ತಪ್ಪುತ್ತದೆಯಷ್ಟೆ! ಕಾಂಟನ ವಿವೇಚನೆಯ ಮಹತ್ತ್ವ ತಿಳಿಯುವುದು ಈ ಹಿನ್ನೆಲೆಯಲ್ಲಿಯೇ.

1764ರಲ್ಲಿ ಮನೋರೋಗಗಳನ್ನು ಕುರಿತು ಬರೆದ ಲೇಖನದಲ್ಲಿಯೇ ಅವನು ಉತ್ಸಾಹಿಯನ್ನು ಭ್ರಮಾವಿಷ್ಟನಿಂದ ಪ್ರತ್ಯೇಕಿಸಿದ್ದನು. 1766ರಲ್ಲಿ, ಪರಲೋಕದ ಜೀವರೊಡನೆ ಸಂಭಾಷಿಸುತ್ತೇನೆಂದ ಸ್ವೀಡನ್ನಿನ ಸ್ವೀಡನ್‌ಬೋರ್ಗನನ್ನು ಲೇವಡಿಮಾಡಿ ಒಂದು ಪುಸ್ತಕವನ್ನೇ ಬರೆದನು. ಈ ಭೇದವು ಶಾಸ್ತ್ರೀಯವಾದ ರೂಪವನ್ನು ತಳೆದುದು 1790ರ 'ನಿರ್ಣಯಶಕ್ತಿಯ ವಿಮರ್ಶೆ'ಯಲ್ಲಿ. ಶ್ರೇಯಸ್ಸಿನ ಭಾವನೆಯು ಆವೇಗದೊಡನೆ ಕೂಡಿದರೆ ಅದು ಉತ್ಸಾಹ. ಆವೇಗವು ಕುರುಡಾದುದರಿಂದ ಬುದ್ಧಿಯ ಪೂರ್ಣಸಮ್ಮತಿ ಅದಕ್ಕೆ ಸಲ್ಲದು. ಆದರೂ ಅದು ಭವ್ಯವಾದುದು, ಆರೋಗ್ಯವಂತನಿಗೂ ಕ್ಷಣಕಾಲ ಬಂದುಹೋಗತಕ್ಕದ್ದು. ಇಂದ್ರಿಯಗಳ ಎಲ್ಲೆಯಾಚೆ ಇರುವುದನ್ನು ಕಣ್ಣಾರೆ ಕಾಣುತ್ತೇನೆಂಬ ಹುಚ್ಚು ಭ್ರಮಾವೇಶ. ಅದು ಬೇರುಬಿಟ್ಟ ರೋಗ. ಒಟ್ಟಿನಲ್ಲಿ ಉತ್ಸಾಹಿಗೆ ತನ್ನ ಆದರ್ಶವು ಕಣ್ಣಿಗೆ ಕಾಣದ್ದೆಂಬ ಅರಿವುಂಟು, ಭ್ರಮಾವಿಷ್ಟನಿಗೆ ಅದಿಲ್ಲ.

ಇದೇ ಸಂದರ್ಭದಲ್ಲಿ ಕಾಂಟನು ಹೇಳುವ ಇನ್ನೊಂದು ಮಾತು ಮನನೀಯ. ಮೂರ್ತಿಯನ್ನು ನಿಷೇಧಿಸುವ ಯೆಹೂದ್ಯರ ಕಟ್ಟಳೆಯನ್ನು ಅತ್ಯಂತ ಭವ್ಯವೆಂದು ಹೊಗಳಿ, ಇಂದ್ರಿಯಕ್ಕೆ ನಿಲುಕುವುದನ್ನು ತೆಗೆದುಹಾಕಿದರೆ ಧರ್ಮಭಾವನೆ ಬಡವಾಗುವುದೆಂಬ ಭಯ ತಪ್ಪೆನ್ನುತ್ತಾನೆ. ಧರ್ಮದಲ್ಲಿ ಚಿತ್ರವಿಚಿತ್ರ ಸಾಮಗ್ರಿಗಳು ತುಂಬುವುದಕ್ಕೆ ಸರ್ಕಾರಗಳು ಸಂತೋಷದಿಂದ ಎಡೆಗೊಟ್ಟುವೆಂದೂ, ಹಾಗೆ ಪ್ರಜೆಯ ಆತ್ಮಶಕ್ತಿಗೆ ಎಲ್ಲೆಕಟ್ಟಿ ಅವನನ್ನು ಆಳುವುದು ಸುಲಭವಾಯಿತೆಂದೂ ಅವನ ಅಭಿಪ್ರಾಯ. ಸೌಂದರ್ಯಶಾಸ್ತ್ರದ ಗ್ರಂಥವೊಂದರಲ್ಲಿ ರಾಜ್ಯಶಾಸ್ತ್ರ ಹೀಗೆ ಸದ್ದಿಲ್ಲದೆ ಪ್ರವೇಶಿಸುತ್ತದೆ.

ಕ್ರಾಂತಿಯನ್ನು ಕುರಿತ ಅವನ ನಿರ್ಣಯವಿರುವುದು 1798ರ 'ವಿದ್ಯಾವಿಭಾಗಗಳ ಕಲಹ'ದ ಎರಡನೆಯ ಭಾಗದಲ್ಲಿ. ಮಾನವಕುಲವು ಶ್ರೇಯಸ್ಸಿನತ್ತ ಸಾಗುತ್ತಿದೆಯೆನ್ನಲು ಇತಿಹಾಸದಲ್ಲಿ ಏನಾದರೂ ಕುರುಹುಂಟೇ ಎಂದು ಅಲ್ಲಿ ಕೇಳಿಕೊಳ್ಳುತ್ತಾನೆ. ಕುರುಹು ಉಂಟು, ಆದರೆ ಕ್ರಾಂತಿಕಾರರ ಕೃತ್ಯಗಳಲ್ಲಿ ಅಲ್ಲ. ಕ್ರಾಂತಿಯು ಗೆಲ್ಲಬಹುದು, ಸೋಲಬಹುದು. ಅದರ ದುಃಖ ಘೋರಗಳನ್ನು ಕಂಡ ಸಜ್ಜನನು ಅಷ್ಟು ಬೆಲೆತೆತ್ತು ಎರಡನೆಯ ಸಲ ಅದಕ್ಕೆ ಕೈಹಾಕಲಾರನು. ಆದರೂ ದೂರದಲ್ಲಿ ನಿಂತು ನೋಡಿದವರ ಹೃದಯದಲ್ಲಿ ಉತ್ಸಾಹದ ಮೇರೆಯನ್ನು ಮುಟ್ಟುವಂಥ ಸಹಾನುಭೂತಿ ಮೂಡಿತು. ಅದನ್ನು ಬಾಯಿಬಿಟ್ಟು ಹೇಳುವುದೇ ಅಪಾಯ. ಅದರಿಂದ ಲಾಭವಂತೂ ಇಲ್ಲ. ಆದಕಾರಣ ಮನುಷ್ಯನಲ್ಲಿರುವ ಧರ್ಮಪ್ರವೃತ್ತಿಯಲ್ಲದೆ ಅದಕ್ಕೆ ಬೇರೆ ಮೂಲವಿರಲಾರದು. ಇದು ಕಾಂಟನ ವಾದದ ಸರಣಿ.

ಇಲ್ಲಿ 'ಅಪಾಯ' ಎಂಬುದು ಅಲಂಕಾರಕ್ಕಾಗಿ ಬಂದ ಮಾತಲ್ಲ. ಧರ್ಮವನ್ನು ಕುರಿತ ಅವನ ಗ್ರಂಥಕ್ಕಾಗಿ 1794ರ ಅಕ್ಟೋಬರಿನಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡ್ರಿಕ್ ವಿಲ್‌ಹೆಲ್ಮನ ಆಗ್ರಹದ ನಿರೂಪ ಅವನಿಗೆ ಬಂದಿತ್ತು. ಎಪ್ಪತ್ತರ ವೃದ್ಧನು ಆ ವಿಷಯದಲ್ಲಿ ಇನ್ನು ಬರೆಯುವುದಿಲ್ಲವೆಂದು ಮಾತುಕೊಟ್ಟನು. 1797ರಲ್ಲಿ ದೊರೆ ತೀರಿದ ಮೇಲೆಯೇ ಮತ್ತೆ ಬಾಯಿತೆರೆದನು. ಬಾಯಿಕಟ್ಟಿಸಿಕೊಂಡವನ ಅನುಭವ ಈ ವಾದದ ಹಿಂದೆ ಇದೆ. ಸ್ವಾರ್ಥವಿಲ್ಲದೆ ಅಪಾಯಕ್ಕೆ ಅಂಜದ ಭಾವವೇ ಶುದ್ಧಭಾವವೆಂಬ ಒರೆಗಲ್ಲು ಬೆಲೆಯುಳ್ಳದ್ದು. ಭ್ರಾಂತಿಯೆಂದು ತಳ್ಳಿಹಾಕಬಹುದಾಗಿದ್ದ ಜನರ ಹಿಗ್ಗಿಗೆ ಅವನು ಧರ್ಮದ ಸ್ಥಾನವನ್ನು ಕೊಟ್ಟನು.

ಆದರೆ ವಾದದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಇದೇ ಕಾಂಟನು 1793ರಲ್ಲಿ, ಪ್ರಭುವು ಅನ್ಯಾಯಗಾರನಾದರೂ ಪ್ರಜೆಗೆ ದಂಗೆಯ ಹಕ್ಕಿಲ್ಲವೆಂದು ಬರೆದನು. 1797ರಲ್ಲಿ, ವಿಚಾರಣೆಯ ಸೋಗಿನಲ್ಲಿ ಅರಸನನ್ನು ಗಲ್ಲಿಗೇರಿಸುವುದು ಎಂದಿಗೂ ತೊಡೆಯಲಾಗದ ಪಾತಕವೆಂದನು. ನೋಡುವವನ ಉತ್ಸಾಹ ಧರ್ಮ, ಮಾಡುವವನ ಕೃತಿ ಅಧರ್ಮ! ಪ್ರೇಕ್ಷಕನು ಪುನೀತನಾಗಬೇಕಾದರೆ ರಂಗದಲ್ಲಿ ಯಾರಾದರೂ ಪಾಪವನ್ನು ಹೊತ್ತಿರಲೇಬೇಕೆ?

ಆ ಹೊರೆಯನ್ನು ಹೊತ್ತವನೊಬ್ಬನು ಜರ್ಮನಿಯಲ್ಲಿಯೇ ಇದ್ದನು. ಕ್ಯಾಪ್ಟನ್ ಕುಕ್ಕನ ಎರಡನೆಯ ಯಾನದಲ್ಲಿ ಜೊತೆಗಿದ್ದ ಗೇಯೋರ್ಗ್ ಫೋರ್ಸ್ಟರನು 1791ರಲ್ಲಿ ಕಾಳಿದಾಸನ ಶಾಕುಂತಲವನ್ನು ವಿಲಿಯಂ ಜೋನ್ಸನ ಇಂಗ್ಲಿಷಿನಿಂದ ಜರ್ಮನ್ ಭಾಷೆಗೆ ತಂದವನು. ಮನುಷ್ಯಕುಲಗಳ ಭೇದವನ್ನು ಕುರಿತು ಅದಕ್ಕೂ ಮೊದಲೇ ಕಾಂಟನೊಡನೆ ವಾದ ಹೂಡಿದವನು. 1792ರ ಅಕ್ಟೋಬರಿನಲ್ಲಿ ಫ್ರೆಂಚ್ ಸೇನೆ ಮೈಂಟ್ಸ್ ನಗರವನ್ನು ಹಿಡಿದಾಗ, ಅಲ್ಲಿಯ ವಿಶ್ವವಿದ್ಯಾಲಯದ ಗ್ರಂಥಪಾಲನಾಗಿದ್ದ ಇವನು ಪ್ರೇಕ್ಷಕನ ಪೀಠದಿಂದೆದ್ದು ರಂಗಕ್ಕೆ ಇಳಿದನು. 1793ರ ಮಾರ್ಚಿನಲ್ಲಿ ಘೋಷಿತವಾದ ಮೈಂಟ್ಸ್ ಗಣರಾಜ್ಯದ ಪ್ರತಿನಿಧಿಯಾಗಿ ಪ್ಯಾರಿಸ್ಸಿಗೆ ಹೋದನು. ಜುಲೈ ತಿಂಗಳಲ್ಲಿ ಪ್ರಷ್ಯದವರು ನಗರವನ್ನು ಮರಳಿ ಪಡೆದರು. ಅವನಿಗೆ ಊರಿಗೆ ಹಿಂತಿರುಗುವ ದಾರಿ ಮುಚ್ಚಿತು. ಭೀಕರ ಆಳಿಕೆಯ ರಕ್ತಪಾತವನ್ನು ಹತ್ತಿರದಿಂದ ಕಂಡು, 1794ರ ಜನವರಿಯಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅಲ್ಲಿಯೇ ರೋಗದಿಂದ ಮಡಿದನು.

ಫೋರ್ಸ್ಟರನನ್ನು ಭ್ರಮಾವಿಷ್ಟನೆನ್ನಲಾದೀತೆ? ಇಲ್ಲ, ಕಾಂಟನು ಹೇಳಿದ ಲಕ್ಷಣವೇ ಅವನಿಗೆ ಒಪ್ಪದು. ಅವನದು ಉತ್ಸಾಹವೇ, ಅಪಾಯವನ್ನೂ ಅವನು ಪ್ರೇಕ್ಷಕನಿಗಿಂತ ನೂರ್ಮಡಿ ಹೊತ್ತನು. ಕಾಂಟನ ಒರೆಗಲ್ಲಿಗೆ ಹಚ್ಚಿದರೆ ಅವನು ಅಪರಂಜಿ. ಕಾಂಟನ ನ್ಯಾಯಶಾಸ್ತ್ರದ ಮುಂದೆ ಅಪರಾಧಿ. ಕಾಂಟನ ವಾದದಲ್ಲಿ ಕೊರತೆ ಇರುವುದು ಇಲ್ಲಿಯೇ: ಆ ಒರೆಗಲ್ಲನ್ನು ಅವನು ನೋಡುವವನಿಗೆ ಹಚ್ಚಿದನೇ ಹೊರತು ಮಾಡುವವನಿಗೆ ಹಚ್ಚಲಿಲ್ಲ.

ಹಾಗೆಂದು ಪ್ರೇಕ್ಷಕನ ದೃಷ್ಟಿ ನಿರರ್ಥಕವೆಂದಲ್ಲ. ರಂಗದಲ್ಲಿರುವವನಿಗೆ ತನ್ನ ಕೈಯ ರಕ್ತ ಕಾಣದಿರಬಹುದು. ದೂರದಲ್ಲಿರುವವನಿಗೆ ಧ್ಯೇಯವೂ ಕಾಣುತ್ತದೆ, ರಕ್ತವೂ ಕಾಣುತ್ತದೆ. ಎರಡನ್ನೂ ಕಂಡು ಯಾವುದನ್ನೂ ಮುಚ್ಚದೆ ಹೇಳಿದುದು ಕಾಂಟನ ಸತ್ಯನಿಷ್ಠೆ. ಮಾಡಿದವನ ಋಣ ನೋಡುವವನ ಮೇಲಿದೆಯೆಂಬುದನ್ನು ಮಾತ್ರ ಅವನು ಹೇಳದೆ ಬಿಟ್ಟನು. ಪರರ ತ್ಯಾಗವನ್ನು ಕಂಡು ಮನಸ್ಸು ಹಿಗ್ಗಿದಾಗ ಆ ಹಿಗ್ಗಿನ ಬೆಲೆಯನ್ನು ಯಾರು ತೆತ್ತರೆಂದು ಕೇಳಿಕೊಳ್ಳುವವನೇ ನಿಜವಾದ ಪ್ರೇಕ್ಷಕನು.